ಪದ ಬೇಕು, ಇವತ್ತೇ: ಸುಮ್ನೆ ನೋಡಿ ಹೋದರೂ ‘ತಪಾಸಣೆ’ಯಾ?

ನಮಸ್ಕಾರ. ಮಣಿಪಾಲದಲ್ಲಿ ನಾವಿರುವ ಬಾಡಿಗೆ ಕಟ್ಟಡದ ಮೀಟರ್ ಬೋರ್ಡಿನ ಪಕ್ಕ ಒಂದು ಫಲಕ ಹಾಕಬೇಕು, ಸಂಜೆ ಐದಕ್ಕೆ ಪ್ರಿಂಟಿಗೆ ಹೋಗುತ್ತದೆ. ಓನರ್ ಬರೆದುಕೊಟ್ಟದ್ದು ‘ವಿದ್ಯುತ್ ಸುರಕ್ಷತಾ ತಪಾಸಣೆ ಆಗಿದೆ’. ಆದದ್ದೇನು ಅಂತ ನಾನೇ ಕಂಡಿದ್ದೇನೆ. ಒಬ್ಬರು ಬಂದರು, ಫ್ಯಾನ್ ಹಾಕಿ ನೋಡಿದರು, ಸೈನ್ ಮಾಡಿ ಹೋದರು. ಆಮೇಲೆ ಗೀಸರಿನ ಸಾಕೆಟ್ ಬಿಚ್ಚಿದರೆ, ಮೇಲಿನ ದೊಡ್ಡ ತೂತಿಗೆ ಹಸಿರು ವಯರೇ ಇಲ್ಲ. ಕಣ್ಣಲ್ಲಿ ನೋಡುವುದಕ್ಕೊಂದು, ಮೀಟರ್ ಹಿಡಿದು ಅಳೆಯುವುದಕ್ಕೊಂದು ಬೇರೆ ಬೇರೆ ಪದ ಬೇಕು. ಅರ್ತಿಂಗ್‌ಗೂ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಆ ಹಸಿರು ವಯರಿನ ವ್ಯವಸ್ಥೆಗೂ, ಒಂದು ಪದ ಹೇಳಿ.

> ತಪಾಸಣೆ

ಅದು ಕನ್ನಡವೇ ಅಲ್ಲ, ಮರಾಠಿ ದಾರಿಯಲ್ಲಿ ಬಂದದ್ದು. ಹಳಗನ್ನಡದ ‘ಆರಯ್’ ಇದೆ, ಹುಡುಕು, ವಿಚಾರಿಸು ಅಂತ. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟ್ಟೆಲ್ ಕೋಶ ತೆಗೆದು ನೋಡಿ. ‘ಆರಯ್ಕೆ’ ಹಾಕಿ. ಅರ್ತಿಂಗ್‌ಗೆ ‘ನೆಲತಂತಿ’.

> ಆರಯ್ಕೆ

ಸುಮ್ನಿರಿ ಮಾರಾಯ್ರೆ. ಮಣಿಪಾಲದಲ್ಲಿ ಆರೈಕೆ ಅಂತ ಬೋರ್ಡ್ ಕಂಡರೆ ಜನ ಚೀಟಿ ಹಿಡಿದುಕೊಂಡು ಕ್ಯೂ ನಿಲ್ಲುತ್ತಾರೆ. ನೆಲತಂತಿ ಅಂದರೆ ಕಡಿದು ಬಿದ್ದ ತಂತಿ ಅಂತ ದಾಟಿಕೊಂಡು ಹೋಗುತ್ತಾರೆ. ನಮ್ಮದು ಮುರಕಲ್ಲು ನೆಲ, ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಸರಿ ಸಿಗುವುದಿಲ್ಲ, ಅದಕ್ಕೇ ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ಮಾರ್ಚಿನಿಂದ ಮಳೆ ಬರುವವರೆಗೆ ದಿನಾ ಒಂದು ಕೊಡ ನೀರು ಹೊಯ್ಯುವುದು ಅಜ್ಜನ ಮನೆಯಲ್ಲಿ ನನ್ನ ಪಾಲಿನ ಕೆಲಸ. ‘ಅರ್ತಿಗೆ ನೀರು ಹಾಕಿದ್ಯಾ?’ ಅಂತಲೇ ಅಜ್ಜ ಕೇಳುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

> ಅರ್ತಿಗೆ

ಹಾಗಾದರೆ ಎಲ್ಲ ಇಂಗ್ಲಿಷಲ್ಲೇ ಬರೆಯಿರಿ. ಸ್ವಿಚ್ ಹೋಯಿತು, ಕರೆಂಟ್ ಹೋಯಿತು, ಇನ್ನು ನೆಲವೂ ಹೋಗಲಿ.

> ನೆಲವೂ ಹೋಗಲಿ

ನೀವು ಕೂತ ಕುರ್ಚಿಯೂ ಅರಬಿ ಮೂಲದ್ದು. ಎದ್ದು ನಿಂತು ಬರೆಯಿರಿ.

> ಬೇರೆ ಬೇರೆ ಪದ

ಕೇಳಿದ್ದನ್ನೇ ಎಲ್ಲರೂ ಬಿಟ್ಟಿರಲ್ಲ. ಕಣ್ಣಲ್ಲಿ ಕಂಡದ್ದು ‘ನೋಟ’, ಮೀಟರಿನಲ್ಲಿ ಸಿಕ್ಕಿದ್ದು ‘ಅಳತೆ’. ಎರಡೂ ನಮ್ಮವೇ, ಜಗಳ ಬೇಡ. ಹಾಂ, ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಟೆಸ್ಟ್ ಬಟನ್ ಒತ್ತಿ ‘ಬಿತ್ತಲ್ಲ, ಸರಿ ಇದೆ’ ಅಂದರೆ ನಂಬಬೇಡಿ. ಅರ್ತ್ ಇಲ್ಲದಿದ್ದರೂ ಅದು ಬೀಳುತ್ತದೆ. ‘ಅರ್ತ್ ಅಳತೆ: ___ ಓಮ್, ಅಳೆದವರು: ___, ದಿನಾಂಕ: ___’ ಅಂತ ಹಾಕಿಸಿ.

> ಹಾಕಿಸಿ

ಹಾಗೇ ಕೊಟ್ಟೆ. ಪ್ರೂಫ್ ನೋಡಿ ಓನರ್ ಫೋನ್ ಮಾಡಿದ್ದರು, ಆ ಗೆರೆ ಮೇಲೆ ಏನು ಬರೆಯಬೇಕು ಅಂತ.