ಪಾದದಿಂದ ಮೇಲೇರುತ್ತಿರುವ ಕೆಂಪು ಗೆರೆ: ಕಾಯಬಹುದೇ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಕಾಲ್ಬೆರಳ ಸಂದಿಯ ಚರ್ಮ ಬಿರಿದು ನಾಲ್ಕು ದಿನವಾಯಿತು. ನಿನ್ನೆ ರಾತ್ರಿ ನಡುಕ ಬಂದು ಜ್ವರ ಏರಿತು. ಬೆಳಿಗ್ಗೆ ನೋಡಿದರೆ ಪಾದದಿಂದ ಮೊಣಕಾಲಿನವರೆಗೆ ಕೆಂಪು ಗೆರೆ, ತೊಡೆಸಂದಿನಲ್ಲಿ ಮುಟ್ಟಿದರೆ ನೋಯುವ ಗಂಟು. ನಂಜು ಮೇಲೇರದಿರಲೆಂದು ತೊಡೆಗೆ ಬಟ್ಟೆ ಬಿಗಿದಿದ್ದೇವೆ. ನಾಳೆಯವರೆಗೆ ಕಾಯಬಹುದೇ?

ಉತ್ತರ: ಮೊದಲು ಆ ಬಟ್ಟೆಯನ್ನು ಬಿಚ್ಚಿ. ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ಹೊರಡುವ ಮುನ್ನ ಗೆರೆ ಎಲ್ಲಿಗೆ ಮುಗಿದಿದೆಯೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ, ಪಕ್ಕದಲ್ಲಿ ಸಮಯ ಬರೆಯಿರಿ. ಎಷ್ಟು ವೇಗವಾಗಿ ಏರುತ್ತಿದೆ ಎಂಬುದು ಅಲ್ಲಿನ ವೈದ್ಯರಿಗೆ ಅದರಿಂದ ತಿಳಿಯುತ್ತದೆ.

ನೀವು ಹೇಳಿದ ಲಕ್ಷಣಗಳು ದುಗ್ಧನಾಳದ, ಅಂದರೆ ದುಗ್ಧರಸವೆಂಬ (ಲಿಂಫ್) ತಿಳಿ ದ್ರವವನ್ನು ಸಾಗಿಸುವ ಸಣ್ಣ ಕೊಳವೆಗಳ, ಉರಿಯೂತದವು. ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾ, ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್, ದುಗ್ಧರಸದ ಹಾದಿ ಹಿಡಿದು ತೊಡೆಸಂದಿನ ಗ್ರಂಥಿಯತ್ತ ಸಾಗುತ್ತದೆ. ಗೆರೆ ಆ ಹಾದಿ. ಗಂಟು ಅದನ್ನು ತಡೆಯಲು ಹೆಣಗುತ್ತಿರುವ ಗ್ರಂಥಿ. ಅಲ್ಲಿಂದ ಸೋಂಕು ರಕ್ತಕ್ಕೆ ಸೇರಲು ಕೆಲವೊಮ್ಮೆ ಒಂದು ದಿನವೂ ಬೇಕಾಗುವುದಿಲ್ಲ. ಜ್ವರವೂ ಸಕ್ಕರೆ ಕಾಯಿಲೆಯೂ ಇರುವುದರಿಂದ ಆ್ಯಂಟಿಬಯಾಟಿಕ್ಕನ್ನು ರಕ್ತನಾಳದ ಮೂಲಕವೇ ಕೊಡಬೇಕಾಗಬಹುದು. ಪೆನ್ಸಿಲಿನ್ ಅಲರ್ಜಿ ಇದ್ದರೆ ಮರೆಯದೆ ಹೇಳಿ. ಕಾಲನ್ನು ದಿಂಬಿನ ಮೇಲೆ ಎತ್ತಿಡಿ, ತಿಕ್ಕಬೇಡಿ. ಬಿಸಿ ಶಾಖ ಬೇಡ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆಯಿದ್ದರೆ ಸುಟ್ಟರೂ ತಿಳಿಯುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಇದು ಆನೆಕಾಲು ರೋಗದ ಆರಂಭವಲ್ಲವೇ?

ಉತ್ತರ: ಆ ರೋಗದ ಹುಳುವಿನಿಂದ ಬರುವ ಉರಿಯೂತ ಸಾಮಾನ್ಯವಾಗಿ ಗ್ರಂಥಿಯಿಂದ ಶುರುವಾಗಿ ಕೆಳಕ್ಕಿಳಿಯುತ್ತದೆ. ಇಲ್ಲಿ ಗಾಯದಿಂದ ಮೇಲಕ್ಕೇರಿದೆ.

ಮೊದಲು ಕೇಳಿದವರು: ಐದು ದಿನವಾಯಿತು, ಡಾಕ್ಟರೇ. ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದೆವು. ಗೆರೆ ಮಾಸಿದೆ, ಜ್ವರವಿಲ್ಲ. ಇನ್ನು ಮಾತ್ರೆ ಬೇಡ ಎನ್ನುತ್ತಿದ್ದಾರೆ ತಂದೆ.

ಉತ್ತರ: ಓದಿ ಮನಸ್ಸು ಹಗುರವಾಯಿತು. ಆದರೆ ವೈದ್ಯರು ಬರೆದುಕೊಟ್ಟಷ್ಟು ದಿನ ಮಾತ್ರೆ ನಡೆಯಲೇಬೇಕು. ಬೆರಳ ಸಂದಿಯನ್ನೂ ಅವರಿಗೆ ತೋರಿಸಿ. ಬಿರುಕಿಗೆ ಶಿಲೀಂಧ್ರ ಕಾರಣವಾಗಿದ್ದರೆ ಅದಕ್ಕೆ ಬೇರೆ ಮುಲಾಮು ಬೇಕು. ಆ್ಯಂಟಿಬಯಾಟಿಕ್‌ನಿಂದ ಅದು ಹೋಗುವುದಿಲ್ಲ. ಮತ್ತೆ ಮತ್ತೆ ಹೀಗಾದರೆ ದುಗ್ಧನಾಳಗಳು ಕೆಟ್ಟು, ಕಾಲಿನ ಬಾವು ಶಾಶ್ವತವಾಗಿ ಉಳಿಯುವ ಭಯವಿದೆ. ಸ್ನಾನವಾದ ಮೇಲೆ ಪ್ರತಿ ಬೆರಳ ನಡುವೆಯೂ ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸಿ. ತಂದೆಗೆ ಬಗ್ಗಲು ಕಷ್ಟವಾದರೆ ನೀವೇ ಒರೆಸಿಕೊಡಿ.