ಲಾಯರ ಕಾರಿಗೊಂದು ಸಾಕ್ಷಿ

ಬೆಳಿಗ್ಗೆ ಕಾರು ಸ್ಟಾರ್ಟ್ ಆಗ್ತಿಲ್ಲ ಅಂತ ಒಮ್ಮೆ ಬಾಯಿ ಬಿಟ್ಟು ನೋಡಿ. ಹಾಸನದಲ್ಲಿ ಅದಕ್ಕೆ ಕಾರಣ ಹೇಳದ ಮನುಷ್ಯ ಸಿಗುವುದಿಲ್ಲ. ನಮ್ಮ ಲಾಯರು ಬಾಯಿ ಬಿಟ್ಟರು. ಹಾಲಿನವನು ಬ್ಯಾಟರಿ ಅಂದ. ಭಾವಮೈದ ಪ್ಲಗ್ ಅಂದ. ಲಾಯರು ಇಬ್ಬರ ಮಾತನ್ನೂ ನಂಬಿ ಎರಡನ್ನೂ ಬದಲಾಯಿಸಿದರು. ಕಾರಿನದು ಮಾತ್ರ ಅದೇ ಹಳೇ ರಾಗ. ಬೆಳಿಗ್ಗೆ ನಾಲ್ಕಾರು ಸಲ ಸೆಲ್ಫ್ ಹೊಡೆದು, ಬೈದು, ಬೇಡಿಕೊಂಡ ಮೇಲೆ ಸ್ಟಾರ್ಟ್. ಆಮೇಲೆ ಸಂಜೆವರೆಗೆ ಯಾವ ತಕರಾರೂ ಇಲ್ಲ.

ಭಾನುವಾರ ಅವರ ಮನೆ ಮುಂದೆ ಸೇರಿದ್ದೆವು. ಮೇಷ್ಟ್ರು, ಸೀನ, ನಾನು. ಗ್ಯಾರೇಜಿಗೆ ರಜೆ ಅಂತ ರಫೀಕ್ ಕೂಡ ಬಂದಿದ್ದ.

“ಈಗ ಎಲ್ಲರೂ ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳೋ ಫ್ಯೂಯೆಲ್ ಪಂಪ್ ಅಂತಿದ್ದಾರೆ,” ಅಂದರು ಲಾಯರು. “ನಾಳೆ ಅದನ್ನೂ ಹಾಕಿಸಿಬಿಡ್ತೀನಿ.”

“ಪಂಪೇ ಅನ್ನೋದಕ್ಕೆ ಸಾಕ್ಷಿ ಏನಿದೆ ಸಾರ್?”

ರಫೀಕ್ ತಣ್ಣಗೆ ಕೇಳಿದ. ಲಾಯರ ಮುಖ ನೋಡಬೇಕಿತ್ತು! ಕೋರ್ಟಿನಲ್ಲಿ ಇಷ್ಟು ವರ್ಷ ಬೇರೆಯವರ ಬೆವರಿಳಿಸಿದ ಪ್ರಶ್ನೆ ಅದು.

“ಹಾಲಿನವನು ಹೇಳಿದ, ಭಾವಮೈದ ಹೇಳಿದ ಅಂದ್ರೆ ಕೋರ್ಟಲ್ಲಿ ನೀವೇ ಒಪ್ಪಲ್ಲ. ಗೇಜ್ ಹಾಕಿ ಪೆಟ್ರೋಲ್ ಪ್ರೆಶರ್ ನೋಡೋಣ. ಪಂಪಿನ ರೇಟಿಗಿಂತ ಅದು ಅಗ್ಗ.”

ಸೀನ ಎದ್ದೇಬಿಟ್ಟ. “ಟೈರ್ ಗಾಳಿ ನೋಡೋ ಗೇಜ್ ನನ್ನ ಹತ್ರ ಇದೆ, ತರ್ಲಾ?”

“ತಾ. ಟೈರ್ ನೋಡೋಣ.”

ಗಾಳಿ ಗೇಜಿನ ಒಳಗಿನ ರಬ್ಬರ್ ಪೆಟ್ರೋಲಿಗಾಗಿ ಮಾಡಿದ್ದಲ್ಲ. ಊದಿಕೊಂಡು ಸೋರುತ್ತದೆ. ಸೋರಿದ್ದು ಇಂಜಿನ್ ಮೇಲೆ ಬಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಪೆಟ್ರೋಲಿಗಂತಲೇ ಗೇಜ್ ಬರುತ್ತದೆ. ಹತ್ತು ಬಾರ್‌ವರೆಗೆ ಅಳೆಯುವಂಥದ್ದು (ಬಾರ್ ಅಂದರೆ ಪ್ರೆಶರಿನ ಒಂದು ಅಳತೆ), ಉದ್ದ ಪೈಪಿನದು, ಒತ್ತಿದರೆ ಪ್ರೆಶರ್ ಬಿಡುವ ಗುಂಡಿ ಇರುವಂಥದ್ದು. ರಫೀಕನ ಹತ್ತಿರ ಇದ್ದದ್ದು ಅದೇ. ಜೊತೆಗೆ ಪೈಪಿನ ನಡುವೆ ಸೇರಿಸುವ ಮೂರು ಬಾಯಿಯ ಒಂದು ಟೀ ಜಾಯಿಂಟ್, ಅದಕ್ಕೊಂದು ಪುಟ್ಟ ನಲ್ಲಿ.

“ಪ್ರೆಶರ್ ಎಷ್ಟಿರ್ಬೇಕಪ್ಪಾ?” ಮೇಷ್ಟ್ರು ಕೇಳಿದರು.

“ಹಳೇ ಕಾರ್ಬ್ಯುರೇಟರ್ ಗಾಡಿಗಳಲ್ಲಿ, ಟೈರ್ ಗಾಳಿಗೆ ಹೇಳೋ ಲೆಕ್ಕದಲ್ಲಿ, ನಾಲ್ಕೈದು ಪಿಎಸ್‌ಐ ಇದ್ರೆ ನಡೀತಿತ್ತು. ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮಿಸೋ ಇಂಥ ಎಂಪಿಎಫ್‌ಐ ಗಾಡಿಗೆ ಸಾಮಾನ್ಯವಾಗಿ 3ರಿಂದ 4 ಕೇಜಿ ಬೇಕು, ಅಂದ್ರೆ ಒಂದು ಚದರ ಸೆಂಟಿಮೀಟರಿಗೆ ಅಷ್ಟು ಕೇಜಿ ಒತ್ತಡ. ಸರಿಯಾದ ಲೆಕ್ಕ ಆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ಲಲ್ಲೇ ನೋಡಬೇಕು.”

“ಕೇಜಿ ಬೇರೆ, ಬಾರ್ ಬೇರೆ,” ಅಂದು ಮೇಷ್ಟ್ರು ಪಾಠಕ್ಕೆ ನಿಂತರು. “ಒಂದು ಬಾರ್ ಅಂದರೆ 14.5 ಪಿಎಸ್‌ಐ. ಒಂದು ಕೇಜಿ ಅಂದರೆ 14.2. ಅಂದಮೇಲೆ 3 ಬಾರ್‌ಗೆ...”

“43 ಚಿಲ್ಲರೆ, ಮೇಷ್ಟ್ರೇ. ಟೈರಿಗಿಂತ ಜಾಸ್ತಿ. ಪೈಪ್ ಸುಮ್ನೆ ಕಿತ್ತರೆ ಅಷ್ಟೂ ಮುಖಕ್ಕೆ.”

“ಹಂಗಾದ್ರೆ ನಮ್ಮ ಮಾವನ ಡೀಸೆಲ್ ಗಾಡೀಗೂ ಒಂದು ಕೈ ನೋಡೋಣ,” ಅಂದ ಸೀನ.

ರಫೀಕನ ನಗು ನಿಂತಿತು. “ಅದರ ತಂಟೆಗೆ ಹೋಗ್ಬೇಡ. ಈಗಿನ ಕಾಮನ್ ರೈಲ್ ಡೀಸೆಲ್‌ನಲ್ಲಿ ಸಾವಿರ ಬಾರ್ ದಾಟುತ್ತೆ, ಎರಡು ಸಾವಿರದವರೆಗೂ ಹೋಗುತ್ತೆ. ಕೂದಲಷ್ಟು ಸಣ್ಣ ಚಿಲುಮೆ ಬಂದ್ರೂ ಗ್ಲೌಸು, ಚರ್ಮ ಎರಡನ್ನೂ ತೂರಿ ಒಳಗೆ ಹೋಗುತ್ತೆ. ಮೇಲೆ ನೋಡಿದ್ರೆ ಸೂಜಿ ಚುಚ್ಚಿದ ಗುರುತು ಅಷ್ಟೇ, ಮೊದಮೊದಲು ಜಾಸ್ತಿ ನೋವೂ ಇರಲ್ಲ. ಆದ್ರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು, ಆಪರೇಷನ್ನೇ ಮಾಡಬೇಕಾಗುತ್ತೆ. ಸಿಲಿಂಡರಿಗೇ ನೇರ ಪೆಟ್ರೋಲ್ ಬಿಡೋ ಹೊಸ ಇಂಜಿನ್‌ಗಳ ಹೈ ಪ್ರೆಶರ್ ಪೈಪಿಗೂ ಈ ಗೇಜ್ ತಾಗಿಸೋ ಹಾಗಿಲ್ಲ.”

ಮಾವನ ಗಾಡಿ ಬಚಾವಾಯಿತು.

ಲಾಯರು ಬಿಸಿಲು ಬೇಡ ಅಂತ ಕಾರನ್ನು ಶೆಡ್ಡಿನಲ್ಲೇ ಇಟ್ಟಿದ್ದರು. ರಫೀಕ್ ಮೂಗು ಮೇಲೆತ್ತಿ ಗಾಳಿ ಹೀರಿದ. “ಎಲ್ಲೋ ಹೊಗೆ ವಾಸನೆ.”

“ಬಚ್ಚಲೊಲೆ ಕಣಯ್ಯಾ. ಭಾನುವಾರ ಅಲ್ವಾ, ಎಣ್ಣೆ ಸ್ನಾನ. ಹಂಡೆ ಕಾಯ್ತಿದೆ.”

“ಮೈನಸ್ 40 ಡಿಗ್ರಿಯಲ್ಲೂ ಪೆಟ್ರೋಲ್ ಆವಿ ಕಿಡಿ ಕಂಡ್ರೆ ಹತ್ತಿಕೊಳ್ಳುತ್ತೆ ಸಾರ್. ಅದು ಗಾಳಿಗಿಂತ ಭಾರ. ಮೇಲೆ ಹೋಗಲ್ಲ, ನೆಲ ಹಿಡಿದು ತೆವಳುತ್ತೆ. ಈ ಶೆಡ್ಡಿಂದ ನಿಮ್ಮ ಹಂಡೆವರೆಗೂ ಹೋಗಿ ಬರುತ್ತೆ.”

ಲಾಯರು ಮರುಮಾತಾಡದೆ ಹ್ಯಾಂಡ್ ಬ್ರೇಕ್ ಇಳಿಸಿದರು. ಎಲ್ಲರೂ ಸೇರಿ ಕಾರನ್ನು ಎದುರಿನ ಖಾಲಿ ಸೈಟಿಗೆ ತಳ್ಳಿದೆವು. ಸೀನ ಬುದ್ಧಿವಂತಿಕೆಯಿಂದ ಎರಡು ಬಕೆಟ್ ನೀರು ತಂದಿಟ್ಟ. ಪೆಟ್ರೋಲ್ ಬೆಂಕಿಗೆ ನೀರು ಹೊಯ್ದರೆ ಬೆಂಕಿ ನೀರಿನ ಮೇಲೇ ತೇಲಿಕೊಂಡು ಎಲ್ಲ ಕಡೆ ಹರಡುತ್ತದೆ. ರಫೀಕ್ ತನ್ನ ವ್ಯಾನಿನಿಂದ ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ತಂದು ಮೇಷ್ಟ್ರ ಕೈಗೆ ಕೊಟ್ಟ. ಮೇಷ್ಟ್ರು ಅದನ್ನು ಹಿಡಿದುಕೊಂಡು ಪರೀಕ್ಷೆಯ ಹಾಲಿನಲ್ಲಿ ತಿರುಗುವ ಹಾಗೆ ಕಾರಿನ ಸುತ್ತ ತಿರುಗತೊಡಗಿದರು. ಬಕೆಟ್ ನೀರನ್ನು ಲಾಯರ ಮನೆಯವರು ಆಮೇಲೆ ಗಿಡಗಳಿಗೆ ಹಾಕಿಸಿದರು.

ವಿಡಿಯೋ ನೋಡಿ ಕಲಿತವರು ಗೇಜಿನ ಮುಳ್ಳು ಏರುವುದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ನಿಜವಾದ ಕೆಲಸ ಅದಕ್ಕಿಂತ ಮೊದಲಿನದು. ರಫೀಕ್ ಮೊದಲು ಪೆಟ್ರೋಲ್ ಮುಚ್ಚಳ ಸಡಿಲಿಸಿದ. ಟ್ಯಾಂಕ್ ಉಸ್ ಅಂದಿತು. ಪಂಪಿನ ಫ್ಯೂಸ್ ಕಿತ್ತು, ಕಾರು ಸ್ಟಾರ್ಟ್ ಮಾಡಲು ಹೇಳಿದ. ಪೈಪಿನಲ್ಲಿ ಉಳಿದದ್ದನ್ನು ಕುಡಿದು ಇಂಜಿನ್ ಸ್ವಲ್ಪ ಹೊತ್ತು ಓಡಿತು, ಆಮೇಲೆ ಕೆಮ್ಮಿ ನಿಂತಿತು. ಮತ್ತೆ ಒಂದೆರಡು ಸೆಕೆಂಡ್ ಸೆಲ್ಫ್. ನಂತರ ಬ್ಯಾಟರಿಯ ಮೈನಸ್ ವೈರ್ ತೆಗೆದ.

“ಎಲ್ಲಾ ಖಾಲಿ ಆಯ್ತಲ್ಲ, ಕನ್ನಡಕ ಯಾಕೆ?” ಸೀನನ ಪ್ರಶ್ನೆ.

“ಪ್ರೆಶರ್ ಹೋಗಿದೆ, ಪೆಟ್ರೋಲ್ ಹೋಗಿಲ್ಲ.”

ಜಾಯಿಂಟಿಗೆ ದಪ್ಪನೆಯ ಬಟ್ಟೆ ಸುತ್ತಿ, ಲಾಕ್ ಒತ್ತಿ, ನಿಧಾನಕ್ಕೆ ಎಳೆದ. ಒಂದೆರಡು ಚಮಚದಷ್ಟು ಬಟ್ಟೆಗೆ ಇಳಿಯಿತು. ಬಟ್ಟೆಯನ್ನು ಡಿಕ್ಕಿಗೆ ತುರುಕಲಿಲ್ಲ, ದೂರದಲ್ಲಿ ಬಿಡಿಸಿ ಹರವಿದ. ಕೆಲವು ಗಾಡಿಗಳ ಫ್ಯೂಯೆಲ್ ರೈಲಿನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿನಲ್ಲಿ, ಟೈರಿನ ಮೌತ್ ಥರದ ವಾಲ್ವ್ ಇರುತ್ತದೆ, ಗೇಜನ್ನು ನೇರ ತಿರುಗಿಸಿದರೆ ಆಯಿತು. ಇದಕ್ಕೆ ಇರಲಿಲ್ಲ. ಅದಕ್ಕೇ ಪೈಪಿನ ನಡುವೆ ಟೀ ಜಾಯಿಂಟ್ ಸೇರಿಸಿ ಅದಕ್ಕೆ ಗೇಜ್ ಹಾಕಿದ.

ಬ್ಯಾಟರಿ, ಫ್ಯೂಸ್ ವಾಪಸ್ ಬಂದವು. “ಕೀ ಆನ್ ಮಾಡಿ ಸಾರ್, ಸ್ಟಾರ್ಟ್ ಬೇಡ.”

ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಗುಂಯ್ ಅಂದಿತು. ಮುಳ್ಳು ಚಂಗನೆ 3 ಬಾರ್ ದಾಟಿ ನಿಂತಿತು. ರಫೀಕ್ ಮುಳ್ಳಿನ ಕಡೆ ನೋಡಲೇ ಇಲ್ಲ. ಬಗ್ಗಿ ಎಲ್ಲಾ ಜಾಯಿಂಟ್ ಮೇಲೆ ಟಾರ್ಚ್ ಬಿಟ್ಟು, ಎಲ್ಲೂ ಹನಿ ಇಲ್ಲ ಅಂತ ಖಾತ್ರಿಯಾದ ಮೇಲೇ ಸ್ಟಾರ್ಟ್ ಮಾಡಿಸಿದ. ಆಗಲೂ 3 ಬಾರ್. ಆಕ್ಸಿಲರೇಟರ್ ಒತ್ತಿದರೂ ಕದಲಲಿಲ್ಲ.

“ಪಂಪ್ ನಿರಪರಾಧಿ!” ಲಾಯರು ಘೋಷಿಸಿದರು.

“ಪ್ರೆಶರ್ ಹದದಲ್ಲಿಡೋ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತರೆ ಪ್ರೆಶರ್ ಏರಬೇಕಂತೆ, ನೋಡಲ್ವಾ?” ಮೇಷ್ಟ್ರು ವಿಡಿಯೋ ನೋಡಿಯೇ ಬಂದಿದ್ದರು.

“ಅದು ರೈಲ್ ಮೇಲೆ ರೆಗ್ಯುಲೇಟರ್ ಇದ್ದು, ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗೋ ಗಾಡಿಗಳಿಗೆ ಮೇಷ್ಟ್ರೇ. ಇದರದ್ದು ಟ್ಯಾಂಕ್ ಒಳಗೇ ಇದೆ. ಈಗ ಆಫ್ ಮಾಡಿ ಸಾರ್. ಅಸಲು ವಿಚಾರಣೆ ಈಗ ಶುರು.”

ಇಂಜಿನ್ ನಿಂತಿತು. ಮುಳ್ಳು ಒಂದು ಗಳಿಗೆ ನಿಂತು ಇಳಿಯತೊಡಗಿತು. ಎರಡೂವರೆ. ಎರಡು. ಲಾಯರು ಕೂರಲು ಕುರ್ಚಿ ತರಿಸಿಕೊಳ್ಳುವಷ್ಟರಲ್ಲಿ ಸೊನ್ನೆಯ ಹತ್ತಿರ. ಇಂಜಿನ್ ಆರಿಸಿದ ಮೇಲೂ ಪ್ರೆಶರಿನ ಬಹುಪಾಲು ನಿಲ್ಲಬೇಕು. ಇಲ್ಲಿ ರಾತ್ರಿಯಿಡೀ ಪೈಪು ಬರಿದಾಗಿರುತ್ತಿತ್ತು, ಬೆಳಿಗ್ಗೆ ಕಾರು ಮುನಿಸಿಕೊಳ್ಳುತ್ತಿತ್ತು.

“ಯಾರು ಬಿಡ್ತಿದ್ದಾರೆ?” ಲಾಯರು ಮುಂದೆ ಬಾಗಿದರು.

“ಇಬ್ಬರ ಮೇಲೆ ಅನುಮಾನ. ಒಂದೋ ಇಂಜೆಕ್ಟರ್ ಸೋರ್ತಿದೆ, ಇಲ್ಲಾ ಟ್ಯಾಂಕ್ ಕಡೆ ವಾಪಸ್ ಹೋಗ್ತಿದೆ.” ಮತ್ತೆ ಕೀ ಆನ್ ಮಾಡಿಸಿದ. ಪಂಪ್ ಸುಮ್ಮನಾಗುತ್ತಲೇ ಟ್ಯಾಂಕಿನ ಕಡೆಯ ನಲ್ಲಿ ಮುಚ್ಚಿದ. ಈ ಸಲ ಮುಳ್ಳು ಅಲ್ಲಾಡಲಿಲ್ಲ. “ಇಂಜೆಕ್ಟರ್‌ಗಳ ತಪ್ಪಿಲ್ಲ. ವಾಪಸ್ ಹೋಗ್ತಿರೋದು ಟ್ಯಾಂಕಿಗೇ. ಪಂಪ್ ಜೊತೆ ಒಂದು ವಾಲ್ವ್ ಇರುತ್ತೆ, ಒಮ್ಮುಖದ್ದು. ಅದರ ಮೇಲೇ ನನಗೆ ಅನುಮಾನ.”

“ಆ ವಾಲ್ವ್ ಬೇರೆ ಸಿಗುತ್ತಾ?”

ರಫೀಕ್ ತಲೆ ಕೆರೆದುಕೊಂಡ. “ಇದರಲ್ಲಿ ಸಿಗಲ್ಲ ಸಾರ್. ಪಂಪ್ ಸಮೇತ ಇಡೀ ಸೆಟ್ಟೇ ಹಾಕಬೇಕು.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಸೀನ ಶುರು ಮಾಡಿದ. “ಅಂದ್ರೆ ಪಂಪ್ ಅಂದವರು ಹೇಳಿದ್ದೇ ಸರಿ!”

“ತೀರ್ಪು ಸರಿ, ಸಾಕ್ಷಿ ಇರಲಿಲ್ಲ,” ಅಂದರು ಲಾಯರು. ಸೋಲುವ ಗಿರಾಕಿಯಲ್ಲ ಅವರು.

ಈಗ ಪಾಟೀಸವಾಲು ರಫೀಕನದು. “ಪೆಟ್ರೋಲ್ ಎಷ್ಟು ಹಾಕಿಸ್ತೀರಿ ಸಾರ್?” ರಿಸರ್ವ್ ಲೈಟ್ ಉರಿಯದ ಆ ಕಾರನ್ನು ನಾವ್ಯಾರೂ ಕಂಡಿಲ್ಲ. ಪಂಪಿನ ಮೋಟಾರ್ ತಣ್ಣಗಿರುವುದು ಪೆಟ್ರೋಲಿನಿಂದಲೇ. ಟ್ಯಾಂಕ್ ಯಾವಾಗಲೂ ತಳ ಹಿಡಿದಿದ್ದರೆ ಅದು ಬಿಸಿಯಾಗಿ ಬೇಗ ಸವೆಯುತ್ತದೆ. ಲಾಯರು ಗುಂಯ್ ಎನ್ನುವ ಸದ್ದು ಎಲ್ಲಿಂದ ಬರುತ್ತದೆ ಅಂತ ಕೇಳಿ ಮಾತು ತೇಲಿಸಿದರು.

ಗೇಜ್ ಬಿಚ್ಚುವ ಮೊದಲು ಗುಂಡಿ ಒತ್ತಿ ಪ್ರೆಶರ್ ಬಿಡಬೇಕಿತ್ತು. ಸೀನ ನೀರಿನ ಬಾಟಲಿ ಹಿಡಿದು ನಿಂತಿದ್ದ. ಯಾರಾದರೂ ಕುಡಿದಾರು ಅಂತ ರಫೀಕ್ ಅದನ್ನು ಕಿತ್ತು ಎಸೆದು, ಪೆಟ್ರೋಲಿನ ಕ್ಯಾನ್ ಹಿಡಿದ. ಮತ್ತೆ ಬ್ಯಾಟರಿ ವೈರ್ ತೆಗೆದು, ಪೈಪ್ ಸೇರಿಸಿ, ಲಾಕ್ ಕೂತಿದೆಯಾ ಅಂತ ಎಳೆದು ನೋಡಿ, ವೈರ್ ಹಾಕಿ, ಕೀ ಆನ್ ಮಾಡಿಸಿ ಹನಿ ಹುಡುಕಿದ. ಕೊನೆಗೆ ಹೇಳಿದ: “ಪಂಪ್ ಹಾಕಿಸೋವರೆಗೆ ಬೆಳಿಗ್ಗೆ ಕೀ ಆನ್ ಮಾಡಿ, ಆ ಗುಂಯ್ ನಿಂತ ಮೇಲೆ ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿ ಸೆಲ್ಫ್ ಹೊಡೀರಿ.”

ಲಾಯರು ಅಲ್ಲೇ ಮಾಡಿ ನೋಡಿದರು. ಒಂದೇ ಸೆಲ್ಫಿಗೆ ಸ್ಟಾರ್ಟ್.

“ಇದಕ್ಕೆ ಖರ್ಚೆಷ್ಟು?”

“ಏನೂ ಇಲ್ಲ.”

“ಹಾಗಾದರೆ ಪಂಪಿನ ವಿಚಾರಕ್ಕೆ ಮುಂದಿನ ತಾರೀಖು ಕೊಟ್ಟುಬಿಡೋಣ,” ಅಂದು ಲಾಯರು ಸ್ನಾನಕ್ಕೆ ಎದ್ದರು.