ಮಂಡಗದ್ದೆ ಹತ್ರ ಗಾಳ ಹಾಕಬಹುದಾ? ಕಯಾಕ್ ಬಿಡ್ತಾರಾ?

ಹರಿಹರದ ಹುಡುಗ:
ಗಣೇಶನ ಹಬ್ಬದ ರಜೆಗೆ ಶಿವಮೊಗ್ಗ ಕಡೆ ಎರಡು ದಿನ ಬರ್ತಿದ್ದೀವಿ. ಅಪ್ಪನಿಗೆ 68, ಗಾಳದ ಹುಚ್ಚು. ಮಗಳಿಗೆ ಹಕ್ಕಿ ನೋಡಬೇಕು. ನನಗೆ ಕಯಾಕ್‌ನಲ್ಲಿ ಹುಟ್ಟು ಹಾಕಬೇಕು. ಜನಜಂಗುಳಿ ಇರಬಾರದು. ಮೂರೂ ಒಂದೇ ಕಡೆ ಆಗುತ್ತಾ?

ಅಡಿಕೆಪ್ಪ:
ಸೀದಾ ಮಂಡಗದ್ದೆಗೆ ಹೋಗಿ. ಹೊಳೆ ಇದೆ, ಮೀನಿದೆ, ಹಕ್ಕಿ ಇದೆ. ಇನ್ನೆಂತ ಬೇಕು!

ಹೊಳೆದಂಡೆ:
ಅಡಿಕೆಪ್ಪನ ಮಾತು ಕೇಳಿ ಗಾಳ ಕಟ್ಟಿಕೊಂಡು ಬರಬೇಡಿ ಮಾರಾಯ್ರೆ, ಅದು ಪಕ್ಷಿಧಾಮ.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೇಲಿ 30 ಕಿ.ಮೀ. ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ, ಅಷ್ಟೇ. ಜುಲೈನಿಂದ ಅಕ್ಟೋಬರ್‌ವರೆಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಅಲ್ಲಿ ಗೂಡು ಕಟ್ತವೆ. ಹೊಳೆ ತುಂಬಿ ಹರಿಯೋ ಹೊತ್ತಲ್ಲೇ ಯಾಕೆ ಅಂದ್ರೆ, ಸುತ್ತಲಿನ ನೀರೇ ಅವಕ್ಕೆ ಕೋಟೆ. ನಾವು ದೋಣೀಲಿ ಹತ್ರ ಹೋದ್ರೆ ಆ ಕೋಟೆ ಒಡೆದ ಹಾಗೆ. ತಾಯಿ ಹಾರಿದ ಗಳಿಗೇಲೇ ಮರಿ ಮೇಲೆ ಹದ್ದು ಎರಗುತ್ತೆ. ಮಳೆಗಾಲದ ತುಂಗೆಯ ಸೆಳವಂತೂ ಕಯಾಕ್‌ಗೆ ಸಲ್ಲ.

ಗಾಳದ ವಿಷಯ ಹೇಳೋಕೆ ನನಗೇ ನಾಚಿಕೆ. ಪಿಯುಸಿ ಓದುವಾಗ ಅಲ್ಲೇ ಸ್ವಲ್ಪ ಕೆಳಗೆ ಕದ್ದು ಗಾಳ ಹಾಕ್ತಿದ್ದೆ. ಒಂದಿನ ನೈಲಾನ್ ದಾರ ನೀರಿಗೆ ಬಾಗಿದ ಕೊಂಬೆಗೆ ಸಿಕ್ಕಿಕೊಂಡ್ತು. ಎಳೆದೆ, ಕಿತ್ತುಹೋಯ್ತು, ಬಿಟ್ಟು ಬಂದೆ. ನಾಲ್ಕು ದಿನ ಬಿಟ್ಟು ನೋಡಿದ್ರೆ ಅದೇ ದಾರಕ್ಕೆ ಕಾಲು ಸಿಕ್ಕಿ ಒಂದು ನೀರುಕಾಗೆ ತಲೆಕೆಳಗಾಗಿ ಒಣಗಿತ್ತು. ಆಮೇಲೆ ಹೊಳೇಲಿ ನಾನು ಗಾಳ ಹಾಕಿಲ್ಲ.

ಮಗಳನ್ನ ಬೆಳಿಗ್ಗೆ ದಡದ ವೀಕ್ಷಣಾ ಗೋಪುರಕ್ಕೆ ಕರ್ಕೊಂಡು ಹೋಗಿ. ಹಾವಕ್ಕಿ ಈಜುವಾಗ ಮೈಯೆಲ್ಲ ಮುಳುಗಿ ಕುತ್ತಿಗೆ ಮಾತ್ರ ಮೇಲಿರುತ್ತೆ, ಥೇಟ್ ಹಾವೇ. ಅದೇ ರಸ್ತೇಲಿ ಸಕ್ರೆಬೈಲು ಆನೆ ಬಿಡಾರ ಸಿಗುತ್ತೆ, ಅಲ್ಲಿ ಬೆಳಗಿನ ಹೊತ್ತು ಆನೆಗಳಿಗೆ ಹೊಳೇಲಿ ಸ್ನಾನ.

ಕಯಾಕ್‌ಗೆ ಸಾಗರ ತಾಲ್ಲೂಕಿನ ಹೊನ್ನೆಮರಡು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು, ಹರಿವಿಲ್ಲದ ನೀರು. ಆದ್ರೆ ಹಬ್ಬಕ್ಕಲ್ಲ, ಡಿಸೆಂಬರ್‌ನಲ್ಲಿ ಬನ್ನಿ. ಆಗ ಮಳೆ ನಿಂತು ನೀರು ತುಂಬಿರುತ್ತೆ. ಮುಂಚೆ ಫೋನ್ ಮಾಡಿ, ಲೈಫ್ ಜಾಕೆಟ್ ಹಾಕದೆ ಇಳೀಬೇಡಿ.

ಹರಿಹರದ ಹುಡುಗ:
ತುಂಬಾ ಉಪಕಾರ ಸಾರ್. ನೀರುಕಾಗೆ ಕಥೆ ಅಪ್ಪನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ್ರು, ಆಮೇಲೆ "ಹಂಗಾದ್ರೆ ನಾನು ಎಲ್ಲಿ ಕೂರ್ಲಿ?" ಅಂದ್ರು.

ಅಡಿಕೆಪ್ಪ:
ತೀರ್ಥಹಳ್ಳಿ ಹತ್ರ ಚಿಬ್ಬಲಗುಡ್ಡೆ ಮತ್ಸ್ಯಧಾಮ ಇದೆಯಲ್ಲ, ದೊಡ್ಡ ದೊಡ್ಡ ಮೀನು. 😀

ಹೊಳೆದಂಡೆ:
ಅದು ದೇವರ ಮೀನು, ಅಲ್ಲಿ ಗಾಳ ತೆಗೆದ್ರೆ ಊರೋರು ನಿಮ್ಮಪ್ಪನನ್ನೇ ಹೊಳೆಗೆ ಹಾಕ್ತಾರೆ. ಅಡಿಕೆಪ್ಪಂಗೆ ಸ್ವಲ್ಪ ಕೆಲಸ ಕೊಡಿ ಯಾರಾದ್ರೂ.

ತೋಟದ ಕೆರೇಲಿ ಕಾಟ್ಲಾ, ರೋಹು ಬಿಟ್ಟಿರೋ ಹೋಂಸ್ಟೇ ನೋಡಿ. ರೂಮ್ ಬುಕ್ ಮಾಡುವಾಗಲೇ "ಗಾಳ ಹಾಕೋಕೆ ಬಿಡ್ತೀರಾ" ಅಂತ ಕೇಳಿ. ತುಂಡಾದ ದಾರ ಒಂದು ಗೇಣೂ ಬಿಡದೆ ಜೇಬಿಗೆ ಹಾಕಿಕೊಳ್ಳೋಕೆ ಹೇಳಿ. ಎರೆಹುಳು ಅಲ್ಲಿಂದ ಹೊತ್ತು ತರಬೇಡಿ, ಇಲ್ಲಿ ಬಾಳೆ ಬುಡ ಕೆದಕಿದ್ರೆ ಬೇಕಾದಷ್ಟು.